ಕಾಮರ್ಸ್ ಹಿಸ್ಟರಿ, ಭಾಗ 6: ಕಸ್ಟಮರ್‌ಗೆ ಫೈಲ್ ಓಪನ್ ಆಗ್ಲಿಲ್ಲ ಅಂದ್ರೆ ಜವಾಬ್ದಾರಿ ಯಾರದ್ದು? 📎

ಕೊಟೇಶನ್ ಮೇಲ್ ಮಾಡಿರ್ತೀರಿ. ಆ ಕಡೆಯಿಂದ "ಫೈಲ್ ಓಪನ್ ಆಗ್ತಿಲ್ಲ" ಅಂತ ಉತ್ತರ ಬಂದ್ರೆ ನಿಮ್ಮ ಪುಣ್ಯ. ಎಷ್ಟೋ ಕಸ್ಟಮರ್‌ಗಳು ಅದನ್ನೂ ಹೇಳಲ್ಲ, ಸುಮ್ನೆ ಬೇರೆಯವರಿಗೆ ಆರ್ಡರ್ ಕೊಟ್ಟುಬಿಡ್ತಾರೆ. ಈ ತಲೆನೋವಿಗೂ ಒಂದು ಇತಿಹಾಸ ಇದೆ, ಕೇಳಿ.

👉 1971ರಲ್ಲಿ ರೇ ಟಾಮ್ಲಿನ್ಸನ್ ಒಂದು ಕಂಪ್ಯೂಟರ್‌ನಿಂದ ಇನ್ನೊಂದಕ್ಕೆ ಮೇಲ್ ಕಳಿಸಿದ್ರು. 1982ರ ಎಸ್‌ಎಂಟಿಪಿ ನಿಯಮದ ಪ್ರಕಾರ ಮೇಲ್‌ನಲ್ಲಿ ಹೋಗ್ತಿದ್ದದ್ದು ಇಂಗ್ಲಿಷ್ ಅಕ್ಷರ, ಅಂಕಿ, ಚಿಹ್ನೆ ಅಷ್ಟೇ. ಫೋಟೋ ಇಲ್ಲ, ಕನ್ನಡ ಅಂತೂ ಇಲ್ಲವೇ ಇಲ್ಲ.

👉 1992ರ ಮಾರ್ಚ್ 11. ನಥಾನಿಯಲ್ ಬೊರೆನ್‌ಸ್ಟೈನ್ ತಮ್ಮ ಹಾಡುಗಾರರ ತಂಡದ ಫೋಟೋ ಮತ್ತು ಹಾಡನ್ನ ಮೇಲ್‌ಗೆ ಲಗತ್ತಿಸಿ ಕಳಿಸಿದ್ರು. ಅವರು ಮತ್ತು ನೆಡ್ ಫ್ರೀಡ್ ಸೇರಿ ರೂಪಿಸಿದ ಪದ್ಧತಿಯ ಹೆಸರು ಮೈಮ್. ಫೈಲ್‌ನ ಪ್ರತಿ 3 ಬೈಟ್‌ನ್ನ 4 ಅಕ್ಷರ ಮಾಡಿ ಕಳಿಸೋದು ಅದರ ಉಪಾಯ. ಅದಕ್ಕೇ 20 ಎಂಬಿ ಫೈಲ್ ಮೇಲ್‌ನಲ್ಲಿ ಸುಮಾರು 27 ಎಂಬಿ ಆಗುತ್ತೆ, 25 ಎಂಬಿ ಮಿತಿ ಇದ್ದಲ್ಲಿ ವಾಪಸ್ ಬರುತ್ತೆ!

ಆದ್ರೆ ಗಮನಿಸಿ: ಪೆಟ್ಟಿಗೆ ತಲುಪಿಸೋದಷ್ಟೇ ಮೈಮ್ ಕೆಲಸ. ಅದನ್ನ ತೆರೆಯೋ ಬೀಗದ ಕೈ ಆ ಕಡೆಯವರ ಹತ್ರ ಇದೆಯಾ ಅಂತ ಅದು ನೋಡಲ್ಲ.

👉 ಆಫೀಸ್ 2007 ಬಂದಾಗ ಡಾಕ್ ಫೈಲ್ ಹೋಗಿ ಡಾಕ್ಸ್ ಬಂತು. ಹಳೇ ವರ್ಡ್ ಇದ್ದವರಿಗೆ ಅದು ತೆರೆಯಲಿಲ್ಲ. ಮೈಕ್ರೋಸಾಫ್ಟ್ ಉಚಿತವಾಗಿ ಒಂದು ಪ್ಯಾಕ್ ಕೊಡ್ತು, ನಿಜ. ಆದ್ರೆ ಅದನ್ನ ಡೌನ್‌ಲೋಡ್ ಮಾಡ್ಕೋಬೇಕಾಗಿದ್ದು ಯಾರು? ಹೊಸದೇನೂ ಕೊಳ್ಳದೆ ತಮ್ಮ ಪಾಡಿಗೆ ತಾವಿದ್ದವರು.

👉 ನಮ್ಮ ಕನ್ನಡದ ಕಥೆಯೂ ಹೀಗೇ. 1991ರ ಯೂನಿಕೋಡ್‌ನಲ್ಲೇ ಕನ್ನಡ ಇತ್ತು. ಆದ್ರೆ ಕಚೇರಿ, ಡಿಟಿಪಿ ಅಂಗಡಿಗಳಲ್ಲಿ ವರ್ಷಾನುಗಟ್ಟಲೆ ನಡೆದದ್ದು ನುಡಿ, ಬರಹದ ಹಳೇ ಫಾಂಟ್‌ಗಳು. ಅವು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರಗಳನ್ನ ಕೂರಿಸಿದ್ವು. ಆ ಫಾಂಟ್ ಇಲ್ಲದ ಕಂಪ್ಯೂಟರ್‌ನಲ್ಲಿ ಕನ್ನಡ ಪತ್ರ ಅರ್ಥವಿಲ್ಲದ ಇಂಗ್ಲಿಷ್ ಆಗಿ ಕಾಣುತ್ತೆ. ಫೈಲ್ ಕೆಟ್ಟಿರಲ್ಲ, ಆದ್ರೆ ನೋಡಿದವರು ಕೆಟ್ಟಿದೆ ಅಂದ್ಕೊಂಡು ಡಿಲೀಟ್ ಮಾಡ್ತಾರೆ.

👉 1993ರಲ್ಲಿ ಅಡೋಬಿ ತಂದ ಪಿಡಿಎಫ್, ಫಾಂಟ್‌ನ್ನೂ ಫೈಲ್ ಒಳಗೇ ಇಟ್ಟು ಕಳಿಸೋಕೆ ದಾರಿ ಮಾಡ್ತು. 2008ರಲ್ಲಿ ಅದು ಐಎಸ್‌ಒ ಮಾನದಂಡವೂ ಆಯ್ತು.

ಇಷ್ಟು ವರ್ಷದ ಕಥೆಯಲ್ಲಿ ಒಂದು ಮಾತು ಸ್ಪಷ್ಟ. ಸಾಫ್ಟ್‌ವೇರ್ ಬದಲಾಯಿಸೋದು ಕಳಿಸೋರು, ಒದ್ದಾಡೋದು ಪಡೆಯೋರು. ವ್ಯಾಪಾರದಲ್ಲಿ ಮಾತ್ರ ಅದರ ನಷ್ಟ ತಿರುಗಿ ಕಳಿಸಿದವರ ತಲೆಗೇ ಬರುತ್ತೆ, ಯಾಕಂದ್ರೆ ತೆರೆಯದ ಇನ್‌ವಾಯ್ಸ್‌ಗೆ ಯಾರೂ ದುಡ್ಡು ಕೊಡಲ್ಲ.

ಹಾಗಾಗಿ ನಾಳೆ ನೀವು ಕೆಲಸಕ್ಕೆ ಸೇರಿದಾಗ:
✅ ಬಿಲ್, ಕೊಟೇಶನ್ ಪಿಡಿಎಫ್‌ನಲ್ಲಿ
✅ ಅವರು ತಿದ್ದಬೇಕಾದ ಫೈಲ್ ಇದ್ರೆ, ಯಾವ ಫಾರ್ಮ್ಯಾಟ್ ಬೇಕು ಅಂತ ಮೊದಲೇ ಕೇಳಿ
✅ ಕನ್ನಡ ಯೂನಿಕೋಡ್‌ನಲ್ಲಿ
✅ ದೊಡ್ಡ ಫೈಲ್‌ಗೆ ಲಿಂಕ್
✅ ಒಟ್ಟು ಮೊತ್ತ, ಕೊನೇ ದಿನಾಂಕ ಮೇಲ್‌ನಲ್ಲೇ ಟೈಪ್ ಮಾಡಿ. ಫೈಲ್ ತೆರೆಯದಿದ್ರೂ ವಿಷಯ ತಲುಪಿರುತ್ತೆ.

ಇಂಟರ್ನ್‌ಶಿಪ್‌ಗೆ ಹೋಗ್ತಿರೋ ಫ್ರೆಂಡ್‌ಗೆ ಕಳಿಸಿ. ಭಾಗ 7ರಲ್ಲಿ ಸಿಗೋಣ. 🙏

#ಕಾಮರ್ಸ್‌ಹಿಸ್ಟರಿ #ಬಿಕಾಂ #ಕನ್ನಡ