ದಡಕ್ಕೆ ಬಂದ ಡಾಲ್ಫಿನ್ ಅನ್ನು ಸಮುದ್ರಕ್ಕೆ ತಳ್ಳಬೇಕೆ? ಪ್ರವಾಸಕ್ಕೆ ಹೋಗುವ ಮುನ್ನ ತಿಳಿದಿರಲಿ

ಹೊನ್ನಾಳಿ, ನ್ಯಾಮತಿ, ಚನ್ನಗಿರಿ, ಜಗಳೂರು ಕಡೆಯ ಬಹುತೇಕರು ಸಮುದ್ರ ನೋಡುವುದು ರಜೆಯಲ್ಲಿ ಮುರ್ಡೇಶ್ವರ, ಗೋಕರ್ಣ, ಕಾರವಾರ ಅಥವಾ ಮಲ್ಪೆಗೆ ಹೋದಾಗ. ಅಲ್ಲಿನ ಜೀವಿಗಳ ಬಗ್ಗೆ ನಮಗೆ ಗೊತ್ತಿರುವುದೆಲ್ಲ ಹೆಚ್ಚಾಗಿ ಮೊಬೈಲ್‌ಗೆ ಬಂದ ವಿಡಿಯೊಗಳಿಂದಲೇ. ದಡದಲ್ಲಿ ಬಿದ್ದ ಡಾಲ್ಫಿನ್ ಅನ್ನು ಜನ ಬಾಲ ಹಿಡಿದು ನೀರಿಗೆ ಎಳೆಯುವ ವಿಡಿಯೊ ನೋಡಿದರೆ ಪುಣ್ಯದ ಕೆಲಸ ಅನ್ನಿಸುತ್ತದೆ. ಆದರೆ ಅದು ಪ್ರಾಣಿಯ ಜೀವಕ್ಕೇ ಕುತ್ತು ತರಬಹುದು.

ಡಾಲ್ಫಿನ್ ಮೀನೇ?

ಅಲ್ಲ. ಅದು ಹಸು, ನಾಯಿಗಳಂತೆ ಸಸ್ತನಿ. ಮರಿ ಹಾಕಿ ಹಾಲೂಡಿಸುತ್ತದೆ. ಕಿವಿರು ಇಲ್ಲ, ಶ್ವಾಸಕೋಶವಿದೆ. ತಲೆಯ ಮೇಲಿನ ರಂಧ್ರದಿಂದ ಉಸಿರಾಡಲು ಪದೇ ಪದೇ ಮೇಲೆ ಬರಲೇಬೇಕು. ಮುಖದ ‘ನಗು’ ಬರೀ ದವಡೆಯ ಆಕಾರ. ನೋವಿನಲ್ಲಿದ್ದರೂ ಅದು ನಗುತ್ತಿರುವಂತೆಯೇ ಕಾಣುತ್ತದೆ.

ನಮ್ಮ ಕರಾವಳಿಯಲ್ಲಿ ಯಾವುದು ಕಾಣುತ್ತದೆ?

ದಡದ ಹತ್ತಿರ ಕಾಣುವುದು ಹೆಚ್ಚಾಗಿ ಗೂನುಬೆನ್ನಿನ ಡಾಲ್ಫಿನ್. ಆಳವಿಲ್ಲದ ನೀರು ಮತ್ತು ನದಿ ಸಮುದ್ರ ಸೇರುವ ಅಳಿವೆಗಳು ಇದರ ನೆಲೆ. ಹಾಗಾಗಿ ಕಾರವಾರ, ಗೋಕರ್ಣದ ಕಡೆ ದಡದಿಂದಲೇ ಕಾಣುವುದುಂಟು. ಇದು ಅಂತರರಾಷ್ಟ್ರೀಯ ಕೆಂಪು ಪಟ್ಟಿಯಲ್ಲಿ ಅಳಿವಿನಂಚಿನ ಜೀವಿ. ಬೆನ್ನಿನ ಮೇಲೆ ರೆಕ್ಕೆಯೇ ಇಲ್ಲದ, ಡಾಲ್ಫಿನ್‌ನ ಹತ್ತಿರದ ಸಂಬಂಧಿಯಾದ ಇನ್ನೊಂದು ಜೀವಿಯೂ ಇಲ್ಲಿದೆ.

ನೀರಿನ ಮೇಲೆ ರೆಕ್ಕೆ ಕಂಡ ತಕ್ಷಣ ‘ಶಾರ್ಕ್’ ಎಂದು ಗಾಬರಿಯಾಗಬೇಡಿ. ಡಾಲ್ಫಿನ್‌ನ ರೆಕ್ಕೆ ಗಾಲಿ ಉರುಳಿದಂತೆ ಮೇಲೆದ್ದು ಮುಳುಗುತ್ತದೆ. ಶಾರ್ಕ್ ಬಾಲವನ್ನು ಎಡಬಲಕ್ಕೆ ಬೀಸಿದರೆ, ಡಾಲ್ಫಿನ್ ಮೇಲೆ ಕೆಳಗೆ ಬೀಸುತ್ತದೆ.

ತುಂಗಭದ್ರೆಯಲ್ಲಿ ಡಾಲ್ಫಿನ್ ಇದೆಯೇ?

ಇಲ್ಲ. ಭಾರತದ ನದಿ ಡಾಲ್ಫಿನ್‌ಗಳಿರುವುದು ಉತ್ತರದ ಗಂಗಾ, ಬ್ರಹ್ಮಪುತ್ರ ಮತ್ತು ಬಿಯಾಸ್ ನದಿಗಳ ಕಡೆ. ತುಂಗಭದ್ರೆಯಲ್ಲಿ ಗುಂಪಾಗಿ ತಲೆಯೆತ್ತಿ ಈಜುವ ಪ್ರಾಣಿ ಕಂಡರೆ ಅದು ನೀರುನಾಯಿ ಆಗಿರಬಹುದು. ಇವುಗಳಿಗಾಗಿಯೇ ಕೊಪ್ಪಳ, ಬಳ್ಳಾರಿ ಭಾಗದ ತುಂಗಭದ್ರೆಯಲ್ಲಿ 2015ರಲ್ಲಿ ಸಂರಕ್ಷಿತ ಪ್ರದೇಶ ಘೋಷಿಸಲಾಗಿದೆ.

ದಡಕ್ಕೆ ಬಂದದ್ದನ್ನು ಯಾಕೆ ತಳ್ಳಬಾರದು?

ಜೀವಂತ ಡಾಲ್ಫಿನ್ ಸುಮ್ಮನೆ ದಡಕ್ಕೆ ಬರುವುದಿಲ್ಲ. ಕಾಯಿಲೆ, ಬಲೆಯ ಅಥವಾ ದೋಣಿಯ ಪೆಟ್ಟು, ದಾರಿ ತಪ್ಪಿದ್ದು, ಹೀಗೆ ಏನೋ ಕಾರಣ ಇದ್ದೇ ಇರುತ್ತದೆ. ಬಳಲಿದ ಪ್ರಾಣಿಯನ್ನು ನೀರಿಗೆ ತಳ್ಳಿದರೆ ಮೇಲೆ ಬಂದು ಉಸಿರಾಡಲಾಗದೆ ಮುಳುಗಿ ಸಾಯಬಹುದು, ಇಲ್ಲವೇ ಮತ್ತೆ ದಡಕ್ಕೆ ಬರಬಹುದು. 2016ರ ಜನವರಿಯಲ್ಲಿ ತಮಿಳುನಾಡಿನ ತೂತ್ತುಕುಡಿ ಜಿಲ್ಲೆಯ ದಡಕ್ಕೆ ಡಾಲ್ಫಿನ್ ಕುಟುಂಬಕ್ಕೇ ಸೇರಿದ ಪೈಲಟ್ ತಿಮಿಂಗಿಲಗಳು 80ಕ್ಕೂ ಹೆಚ್ಚು ಬಂದಿದ್ದವು. ಜನರು ಸಮುದ್ರಕ್ಕೆ ತಳ್ಳಿದ ಹಲವು ತಿಮಿಂಗಿಲಗಳು ಮರಳಿ ದಡಕ್ಕೇ ಬಂದವು. ಬಾಲ, ರೆಕ್ಕೆ ಹಿಡಿದು ಎಳೆದರೆ ಕೀಲು ಕಳಚುವ ಅಪಾಯವೂ ಇದೆ.

ಹಾಗಾದರೆ ಏನು ಮಾಡಬೇಕು?

1. ಕೂಡಲೇ ಅರಣ್ಯ ಇಲಾಖೆಯ ಸಹಾಯವಾಣಿ 1926 ಅಥವಾ 112ಕ್ಕೆ ಕರೆ ಮಾಡಿ. ಹತ್ತಿರದ ಮೀನುಗಾರರಿಗೂ ಜೀವರಕ್ಷಕ ಸಿಬ್ಬಂದಿಗೂ ತಿಳಿಸಿ.
2. ಜನರನ್ನೂ ನಾಯಿಗಳನ್ನೂ ದೂರವಿಡಿ. ಗದ್ದಲ, ಸೆಲ್ಫಿ ಬೇಡ. ಮುಟ್ಟಿದರೆ ಸೋಂಕು ಎರಡೂ ಕಡೆ ಹರಡಬಹುದು.
3. ಸಿಬ್ಬಂದಿ ಹೇಳಿದರೆ ಒದ್ದೆ ಬಟ್ಟೆ ಹೊದಿಸಿ, ನೆರಳು ಮಾಡಿ. ದಪ್ಪ ಕೊಬ್ಬಿನ ಪದರ ಇರುವುದರಿಂದ ಬಿಸಿಲಿಗೆ ಅದರ ಮೈ ಬೇಗ ಕಾಯುತ್ತದೆ.
4. ತಲೆಯ ಮೇಲಿನ ರಂಧ್ರವನ್ನು ಮುಚ್ಚಬೇಡಿ. ಬಾಯಾರಿಕೆ ಎಂದುಕೊಂಡು ಅದಕ್ಕೆ ನೀರು ಸುರಿಯುವುದು, ಮನುಷ್ಯರ ಮೂಗಿಗೆ ನೀರು ಸುರಿದಂತೆಯೇ.

ದೋಣಿಯಲ್ಲಿದ್ದಾಗ?

ಡಾಲ್ಫಿನ್ ಕಂಡರೆ ‘ಇನ್ನೂ ಹತ್ತಿರ ಹೋಗಿ’ ಎಂದು ದೋಣಿಯವರನ್ನು ಒತ್ತಾಯಿಸಬೇಡಿ. ಹಲವು ದೇಶಗಳಲ್ಲಿ ಕನಿಷ್ಠ 50 ಮೀಟರ್ ದೂರ ಇರಬೇಕೆಂಬ ಸಲಹೆಯಿದೆ. ಅಟ್ಟಿಸಿಕೊಂಡು ಹೋಗುವುದು, ತಿಂಡಿ ಎಸೆಯುವುದು ಬೇಡ. ಡಾಲ್ಫಿನ್ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಶೆಡ್ಯೂಲ್ 1ರಲ್ಲಿದೆ. ಅಂದರೆ ಹುಲಿಗಿರುವ ಕಾನೂನಿನ ರಕ್ಷಣೆಯೇ ಇದಕ್ಕೂ ಇದೆ.

ಬೇರೆ ಜೀವಿಗಳು ಎದುರಾದರೆ?

ಜೆಲ್ಲಿ ಮೀನು ಸತ್ತು ಬಿದ್ದಿದ್ದರೂ ಕುಟುಕಬಲ್ಲದು, ಮಕ್ಕಳು ಮುಟ್ಟದಂತೆ ನೋಡಿಕೊಳ್ಳಿ. ಕುಟುಕಿದ ಜಾಗಕ್ಕೆ ಮೂತ್ರ ಹಾಕಬೇಕೆಂಬ ಮಾತು ಸುಳ್ಳು. ಉಜ್ಜಬೇಡಿ, ಸಮುದ್ರದ ನೀರಿನಲ್ಲೇ ತೊಳೆಯಿರಿ. ಉಸಿರಾಟಕ್ಕೆ ತೊಂದರೆಯಾದರೆ ತಕ್ಷಣ ಆಸ್ಪತ್ರೆಗೆ ಹೋಗಿ. ಬಲೆಯಿಂದ ಬಿದ್ದ ಸಮುದ್ರ ಹಾವು ವಿಷಕಾರಿ, ಮುಟ್ಟಲೇಬೇಡಿ. ಮೊಟ್ಟೆಯಿಡಲು ಬಂದ ಕಡಲಾಮೆಗೆ ಟಾರ್ಚ್ ಬಿಟ್ಟರೆ ಅದು ಮೊಟ್ಟೆಯಿಡದೆ ಹಿಂದಿರುಗಬಹುದು.

ಕೊನೆಯದಾಗಿ

ಡಾಲ್ಫಿನ್ ಅನ್ನು ನೀರಿಗೆ ಎಳೆಯುವ ವಿಡಿಯೊ ಸಾಮಾನ್ಯವಾಗಿ ಚಪ್ಪಾಳೆಯೊಂದಿಗೆ ಮುಗಿಯುತ್ತದೆ. ಆಮೇಲೆ ಆ ಪ್ರಾಣಿ ಬದುಕಿತೇ ಎಂಬುದು ಅದರಲ್ಲಿ ಇರುವುದಿಲ್ಲ. ಅಂಥದ್ದು ನಿಮ್ಮ ಗ್ರೂಪಿಗೆ ಬಂದರೆ ಮುಂದೆ ಕಳಿಸುವ ಬದಲು ‘ತಳ್ಳಬೇಡಿ, 1926ಕ್ಕೆ ಕರೆ ಮಾಡಿ’ ಎಂದು ಬರೆಯಿರಿ.