ಕೆರೆಯ ಏರಿ ಮತ್ತು ಅದರ ಕಾವಲು

ಕೋಲಾರದ ಸೀಮೆಯಲ್ಲಿ ಹುಟ್ಟುವ ಹೊಳೆಗಳು ವರ್ಷದ ಬಹುಕಾಲ ಬರಿಯ ಮರಳಿನ ಹಾಸುಗಳು. ಕೆಲವೇ ವಾರಗಳಲ್ಲಿ ಸುರಿದುಹೋಗುವ ಮಳೆಯನ್ನು ಹಿಡಿದಿಟ್ಟಲ್ಲದೆ ಅಲ್ಲಿ ಬೆಳೆಯಿಲ್ಲ. ಆದಕಾರಣ ಪ್ರಾಚೀನರು ಹಳ್ಳಗಳಿಗೆ ಅಡ್ಡಲಾಗಿ ಮಣ್ಣಿನ ಏರಿಗಳನ್ನು ಹಾಕಿ, ಮೇಲಿನ ಕೆರೆಯ ಕೋಡಿಯ ನೀರು ಕೆಳಗಿನ ಕೆರೆಗೆ ಸೇರುವಂತೆ ಕೆರೆಗಳ ಸರಪಣಿಗಳನ್ನೇ ನಿರ್ಮಿಸಿದರು. 1866ರಲ್ಲಿ ಮೈಸೂರಿನ ಮುಖ್ಯ ಎಂಜಿನಿಯರಾಗಿದ್ದ ಸ್ಯಾಂಕಿಯವರು, ಈ ಸೀಮೆಯಲ್ಲಿ ಹೊಸ ಕೆರೆಗೆ ತಕ್ಕ ಸ್ಥಳ ಉಳಿದಿರುವುದೇ ಅಪರೂಪವೆಂದು ವರದಿಮಾಡಿದರು.

ಕೆರೆ ಕಟ್ಟಿಸಿದವರ ಕೀರ್ತಿಯನ್ನು ಶಾಸನಗಳು ಧಾರಾಳವಾಗಿ ಸಾರುತ್ತವೆ. ಆದರೆ ಅವೇ ಶಾಸನಗಳನ್ನು ಗಮನವಿಟ್ಟು ಓದಿದರೆ ಬೇರೊಂದು ಸಂಗತಿಯೂ ತಿಳಿದುಬರುತ್ತದೆ: ಮಣ್ಣಿನ ಏರಿ ಒಮ್ಮೆ ಕಟ್ಟಿದ ಮಾತ್ರಕ್ಕೆ ನಿಲ್ಲತಕ್ಕ ವಸ್ತುವಲ್ಲ. ಪಾಲಾರಿನ ದಡದ ಬೇತಮಂಗಲವೇ ಇದಕ್ಕೆ ನಿದರ್ಶನ. ಬಾಣರಾಜನ ಹೆಸರಿನಿಂದ ವಿಜಯಾದಿತ್ಯಮಂಗಲವೆನಿಸಿದ್ದ ಈ ಊರಿನ ದೊಡ್ಡ ಕೆರೆಯ ಏರಿಯನ್ನು ಹತ್ತನೆಯ ಶತಮಾನದಲ್ಲಿ ನೊಳಂಬರ ಅರಸನಾದ ಇರಿವ ನೊಳಂಬನು ಜೀರ್ಣೋದ್ಧಾರ ಮಾಡಿಸಿದನು. ಎರಡು ಶತಮಾನಗಳ ತರುವಾಯ ಅದೇ ಏರಿಯನ್ನು ಹೊಯ್ಸಳರ ದಂಡನಾಯಕ ಚೊಕ್ಕಿಮಯ್ಯನು ಮರಳಿ ಸರಿಪಡಿಸಬೇಕಾಯಿತು. ರಾಜವಂಶಗಳು ಬದಲಾದರೂ ಏರಿಯ ಬೇಡಿಕೆ ಬದಲಾಗಲಿಲ್ಲ.

ಈ ವಿಷಯದಲ್ಲಿ ನಮ್ಮ ಹಿರಿಯರಿಗಿದ್ದ ತಿಳಿವಳಿಕೆಗೆ ಕಡಪ ಜಿಲ್ಲೆಯ ಪೋರುಮಾಮಿಳ್ಳದ ಸಂಸ್ಕೃತ ಶಾಸನವು ಸಾಕ್ಷಿ. ವಿಜಯನಗರದ ಮೊದಲನೆಯ ಬುಕ್ಕನ ಮಗ ಭಾಸ್ಕರನು ಅಲ್ಲಿ ಕೆರೆ ಕಟ್ಟಿಸಿ 1369ರಲ್ಲಿ ಇದನ್ನು ಹಾಕಿಸಿದನು. ನಿತ್ಯವೂ ಸಾವಿರ ಆಳುಗಳು ಮತ್ತು ನೂರು ಬಂಡಿಗಳು ದುಡಿದು ಎರಡು ವರ್ಷಗಳಲ್ಲಿ ಕೆಲಸ ಮುಗಿಯಿತೆಂದು ಅದರಲ್ಲಿ ಹೇಳಿದೆ. ಒಳ್ಳೆಯ ಕೆರೆಗೆ ಬೇಕಾದ ಹನ್ನೆರಡು ಅಂಗಗಳನ್ನು ಎಣಿಸುವಾಗ ಧರ್ಮಿಷ್ಠನಾದ ಅರಸನೊಡನೆ ಜಲಶಾಸ್ತ್ರ ಬಲ್ಲ ಪಂಡಿತನನ್ನೂ, ಗಟ್ಟಿಯಾದ ಜೇಡಿಯ ನೆಲವನ್ನೂ, ಕಟ್ಟಡದಲ್ಲಿ ನುರಿತ ಜನರನ್ನೂ ಶಾಸನಕಾರನು ಸೇರಿಸಿದ್ದಾನೆ. ಬಳಿಕ ಆರು ದೋಷಗಳನ್ನು ಹೇಳುತ್ತಾನೆ. ಚೌಳು ನೆಲ, ಎರಡು ರಾಜ್ಯಗಳ ಗಡಿಯಲ್ಲಿರುವುದು, ಕೆರೆಯ ನಡುವೆ ದಿಬ್ಬವಿರುವುದು, ನೀರು ಸ್ವಲ್ಪವಾಗಿ ಭೂಮಿ ಬಹಳವಾಗುವುದು, ಭೂಮಿ ಸ್ವಲ್ಪವಾಗಿ ನೀರು ಬಹಳವಾಗುವುದು, ಇವು ಐದು. ಈ ಐದಕ್ಕೂ ಮೊದಲು ಅವನು ಎಣಿಸಿದ ದೋಷವು ಏರಿಯಿಂದ ನೀರು ಜಿನುಗುವುದು.

ಆ ಅನುಕ್ರಮದಲ್ಲಿ ಅರ್ಥವಿದೆ. ಮಣ್ಣಿನ ಏರಿಗೆ ಮುಖ್ಯವಾದ ಅಪಾಯಗಳು ಎರಡು. ಕೋಡಿಯು ಹೂಳಿನಿಂದಲೋ ಗಿಡಗಂಟಿಗಳಿಂದಲೋ ಮುಚ್ಚಿಹೋದರೆ, ಅಥವಾ ಹೆಚ್ಚು ನೀರು ನಿಲ್ಲಲೆಂದು ರೈತರು ಅದರ ಮೇಲೆ ಕಲ್ಲುಮಣ್ಣು ಪೇರಿಸಿದರೆ, ಪ್ರವಾಹದ ನೀರು ಏರಿಯ ತಲೆಯನ್ನು ದಾಟಿ ಹರಿದು ಹೊರಮೈಯನ್ನು ಕೊರೆಯುತ್ತದೆ. ಎರಡನೆಯದು ಒಳಗಿನ ಶತ್ರು. ಏಡಿ ಹೆಗ್ಗಣಗಳ ಬಿಲ, ಹುತ್ತ, ಸತ್ತ ಮರದ ಬೇರು, ತೂಬಿನ ಪಕ್ಕದ ಸಂದು, ಇವುಗಳಲ್ಲಿ ನೀರು ದಾರಿಮಾಡಿಕೊಂಡು ಒಳಗಿನ ಮಣ್ಣನ್ನು ಸ್ವಲ್ಪಸ್ವಲ್ಪವಾಗಿ ಹೊತ್ತೊಯ್ಯುತ್ತದೆ. ಏರಿಯ ಬುಡದಲ್ಲಿ ಜಿನುಗುವ ನೀರು ತಿಳಿಯಾಗಿದ್ದರೆ ಅದನ್ನು ಗಮನಿಸುತ್ತಿದ್ದರೆ ಸಾಕು. ಅದೇ ನೀರು ಕೆಂಪಾಗಿ ಕದಡಿ ಬರತೊಡಗಿದರೆ ಏರಿಯ ಒಡಲೇ ಕರಗುತ್ತಿದೆಯೆಂದು ತಿಳಿದು ತಡಮಾಡದೆ ಊರನ್ನು ಎಚ್ಚರಿಸಬೇಕು. ಆದರೆ ಈ ವ್ಯತ್ಯಾಸವು ನಿತ್ಯವೂ ಏರಿಯ ಕೆಳಗೆ ನಡೆದಾಡುವವನ ಕಣ್ಣಿಗಲ್ಲದೆ ಬೇರೆಯವರಿಗೆ ಕಾಣುವುದಿಲ್ಲ.

ಆ ಕಣ್ಣನ್ನು ಹಿಂದಿನವರು ವ್ಯವಸ್ಥೆಯಿಂದಲೇ ಒದಗಿಸಿದ್ದರು. ಕೆರೆಯ ರಕ್ಷಣೆಗಾಗಿ ಕಟ್ಟುಕೊಡಗೆಯೆಂದು ಭೂಮಿಯನ್ನು ಬಿಡುತ್ತಿದ್ದರು. ಏರಿಗೆ ಮಣ್ಣು ಹೊರುವ ಬಂಡಿಗಳ ವೆಚ್ಚಕ್ಕೂ ದತ್ತಿಗಳಿದ್ದವು. ತೂಬು ತೆಗೆದು ಮುಚ್ಚುವ ನೀರುಗಂಟಿಯೇ ಏರಿಯ ಕಾವಲುಗಾರನೂ ಆಗಿದ್ದನು. ಸ್ಯಾಂಕಿಯವರ ಕಾಲದ ಇಲಾಖೆಯೂ ಒಂದೊಂದು ಕಣಿವೆಯ ಕೆರೆಗಳನ್ನು ಒಟ್ಟಾಗಿ ತೆಗೆದುಕೊಂಡು ಭದ್ರಗೊಳಿಸಿ, ಮುಂದಿನ ಮಣ್ಣುಕೆಲಸವನ್ನು ರೈತರಿಗೆ ಒಪ್ಪಿಸುವ ಕ್ರಮವನ್ನು ಹಿಡಿಯಿತು. ಒಂದು ಕೆರೆ ಒಡೆದರೆ ಅದರ ನೀರು ಕೆಳಗಿನದನ್ನೂ ಒಡೆಯುವುದಾದ್ದರಿಂದ ಬಿಡಿ ಕೆರೆಯ ದುರಸ್ತಿಯಿಂದ ಪ್ರಯೋಜನವಿಲ್ಲವೆಂಬುದು ಇದರ ತತ್ವ. ಅದು ಎಷ್ಟು ನಿಜವೆಂಬುದನ್ನು 1903ರ ನವೆಂಬರ್ ತಿಂಗಳು ತೋರಿಸಿತು. ಮೈಸೂರು ಸೀಮೆಯ ಕೆರೆಗಳು ಒಡೆದು, ಪಾಲಾರು ಉಕ್ಕಿ, ಗಡಿಯಾಚೆಯ ವಾಣಿಯಂಬಾಡಿಯಲ್ಲಿ ಮನೆಮಾರುಗಳು ಕೊಚ್ಚಿಹೋದವು. ಮೇಲಿನ ಊರಿನ ಏರಿಯ ಮೇಲೆ ಕೆಳಗಿನ ಊರಿನ ಪ್ರಾಣವು ನಿಂತಿರುತ್ತದೆ.

ಸ್ವಾತಂತ್ರ್ಯಾನಂತರ ಈ ಕಾವಲು ಸಡಿಲವಾಯಿತು. ವಂಶಪಾರಂಪರ್ಯವಾದ ಗ್ರಾಮಾಧಿಕಾರಗಳನ್ನು 1961ರ ಕಾಯಿದೆಯು ರದ್ದುಪಡಿಸಿತು. ಹುಟ್ಟಿನಿಂದ ಬರುವ ಹುದ್ದೆಗಳು ಹೋದುದು ನ್ಯಾಯವೇ. ಆದರೆ ನೀರುಗಂಟಿಯ ಕೆಲಸಕ್ಕೆ ಬದಲಾಗಿ ಮತ್ತೊಬ್ಬನನ್ನು ನೇಮಿಸುವುದು ಬಹಳ ಊರುಗಳಲ್ಲಿ ಆಗಲಿಲ್ಲ. ಕೊಳವೆಬಾವಿಗಳು ಬಂದ ಮೇಲೆ ರೈತನ ದೃಷ್ಟಿಯೂ ಕೆರೆಯಿಂದ ದೂರವಾಯಿತು. 2021ರ ಅಣೆಕಟ್ಟು ಸುರಕ್ಷತಾ ಕಾಯಿದೆಯು ಹದಿನೈದು ಮೀಟರಿಗಿಂತ ಎತ್ತರವಾದ ಕಟ್ಟೆಗಳಿಗೂ, ಕೆಲವು ನಿಬಂಧನೆಗಳಿಗೆ ಒಳಪಟ್ಟು ಹತ್ತರಿಂದ ಹದಿನೈದು ಮೀಟರ್ ಎತ್ತರವುಳ್ಳವುಗಳಿಗೂ ಅನ್ವಯಿಸುತ್ತದೆ. ನಾಡಿನ ಸಾವಿರಾರು ಹಳ್ಳಿಯ ಏರಿಗಳು ಆ ಅಳತೆಯ ಕೆಳಗೇ ಉಳಿಯುತ್ತವೆ.

ಕಾಯಿದೆಯ ಕಣ್ಣಿಗೆ ಚಿಕ್ಕದಾದ ಏರಿಯು ಅದರ ಕೆಳಗಿನ ಗದ್ದೆಗೂ ಮನೆಗೂ ಚಿಕ್ಕದಲ್ಲ. ಹಲವು ವರ್ಷ ಬತ್ತಿದ್ದ ಕೆರೆಯು ಒಂದು ಹಿಂಗಾರಿನಲ್ಲಿ ಹಠಾತ್ತನೆ ತುಂಬಿದಾಗ ಒಣಗಿ ಬಿರುಕುಬಿಟ್ಟ ಏರಿಯ ಪರೀಕ್ಷೆಯಾಗುತ್ತದೆ. ಅದಕ್ಕೆ ಮುನ್ನ ಮಾಡಬೇಕಾದುದು ಹೆಚ್ಚಲ್ಲ: ಕೋಡಿಯನ್ನು ತೆರವುಮಾಡುವುದು, ಬಿಲಗಳನ್ನು ಅಗೆದು ಜೇಡಿಮಣ್ಣಿನಿಂದ ದಮ್ಮಸು ಮಾಡುವುದು, ಏರಿಯ ಮೇಲೆ ಮರ ಬೇರೂರದಂತೆ ನೋಡಿಕೊಳ್ಳುವುದು, ಮಳೆಯ ದಿನಗಳಲ್ಲಿ ಬುಡದ ಜಿನುಗನ್ನು ನಿತ್ಯವೂ ನೋಡುವುದು. ಇರಿವ ನೊಳಂಬನಿಗೂ ಚೊಕ್ಕಿಮಯ್ಯನಿಗೂ ಶಾಸನಗಳಿವೆ. ಅವರಿಬ್ಬರ ನಡುವಿನ ಇನ್ನೂರು ವರ್ಷಗಳಲ್ಲಿ ಸಂಜೆಗಳಲ್ಲಿ ಏರಿಯ ಕೆಳಗೆ ನಡೆದು ನೀರಿನ ಬಣ್ಣವನ್ನು ನೋಡಿದವನಿಗೆ ಶಾಸನವಿಲ್ಲ. ಕೆರೆ ಅಷ್ಟು ಕಾಲ ಊರಿಗೆ ಉಣಬಡಿಸಿದ್ದು ಅವನಿಂದ.