ಮುಖದ ಇಸುಬು ಕೆರಳಿದರೆ ಏನು ಮಾಡಬೇಕು, ಏನು ಹಚ್ಚಬಾರದು?

ಮಂಡ್ಯ: ಮುಖ ಕೆಂಪಾಗಿ, ಹೊಟ್ಟು ಎದ್ದು ತುರಿಕೆ ಶುರುವಾದರೆ ನಮ್ಮಲ್ಲಿ ಬಹಳ ಜನ ಮೊದಲು ಹೋಗೋದು ಮೆಡಿಕಲ್ ಸ್ಟೋರಿಗೆ. ‘ಅಣ್ಣಾ, ತುರಿಕೆಗೆ ಒಂದು ಟ್ಯೂಬ್ ಕೊಡಿ’ ಅಂತ ಕೇಳಿ ತಂದು ಹಚ್ಚಿಕೊಳ್ತಾರೆ. ಎರಡು ದಿನದಲ್ಲಿ ಮುಖ ತಿಳಿಯಾಗುತ್ತೆ. ಬಿಟ್ಟ ಮೇಲೆ ಮೊದಲಿಗಿಂತ ಜೋರಾಗಿ ಬರುತ್ತೆ. ಕಾರಣ, ಇಂಥ ಎಷ್ಟೋ ಟ್ಯೂಬ್‌ಗಳಲ್ಲಿ ಸ್ಟೀರಾಯ್ಡ್ ಇರುತ್ತೆ. ಮುಖದ ಚರ್ಮ ತೆಳು. ತಿಂಗಳುಗಟ್ಟಲೆ ಹಚ್ಚಿದರೆ ಅದು ಇನ್ನಷ್ಟು ತೆಳುವಾಗಿ, ರಕ್ತನಾಳ ಕಾಣಿಸಿಕೊಂಡು, ಮೊಡವೆ ಏಳುತ್ತೆ.

ಇಸುಬು (ಎಕ್ಸಿಮಾ) ಅಂಟುರೋಗ ಅಲ್ಲ. ಚರ್ಮದ ಹೊರಪದರ ದುರ್ಬಲವಾಗಿ ತೇವ ಆರಿಹೋಗೋದೇ ಇದರ ಮೂಲ. ಪೂರ್ತಿ ಹೋಗದಿದ್ದರೂ ಹತೋಟಿಯಲ್ಲಿ ಇಡಬಹುದು.

ಕೆರಳಿಸುವುದು ಯಾವುದು?
ಹೊಲದ ಬದು, ನಾಲೆ ಏರಿ ಮೇಲಿನ ಕಾಂಗ್ರೆಸ್ ಗಿಡ (ಪಾರ್ಥೇನಿಯಂ) ಮುಖ್ಯ ಕಾರಣಗಳಲ್ಲೊಂದು. ಅದರ ಪುಡಿ ಗಾಳಿಯಲ್ಲಿ ಬಂದು ಮುಖ, ಕಣ್ಣುರೆಪ್ಪೆ, ಕತ್ತಿನ ಮೇಲೆ ಕೂರುತ್ತೆ. ಬರಿಗೈಲಿ ಕೀಳಬೇಡಿ. ಜೊತೆಗೆ ತಲೆಗೆ ಹಚ್ಚುವ ಕಪ್ಪು ಬಣ್ಣ, ಕುಂಕುಮ, ಸ್ಟಿಕ್ಕರ್ ಬೊಟ್ಟಿನ ಅಂಟು, ಘಮಘಮ ಸೋಪು, ಬೆವರು, ದೂಳು, ಚಳಿಗಾಲದ ಒಣಗಾಳಿಯೂ ಕೆರಳಿಸಬಹುದು.

ದಿನಚರಿ ಹೀಗಿರಲಿ
* ಬೆಳಿಗ್ಗೆ, ರಾತ್ರಿ ಉಗುರುಬೆಚ್ಚಗಿನ ನೀರಲ್ಲಿ ಮುಖ ತೊಳೆಯಿರಿ. ಕುದಿನೀರು, ಸ್ಕ್ರಬ್ ಬೇಡ.
* ಸೋಪಿನ ಬದಲು ವಾಸನೆ ಇಲ್ಲದ ಮೃದು ಕ್ಲೆನ್ಸರ್ ಬಳಸಿ.
* ಟವೆಲ್‌ನಿಂದ ಉಜ್ಜದೆ ಒತ್ತಿ ಒರೆಸಿ. ಮುಖ ಇನ್ನೂ ಹಸಿ ಇರುವಾಗಲೇ ಮಾಯಿಶ್ಚರೈಸರ್ ಹಚ್ಚಿ. ದುಬಾರಿಯದೇ ಬೇಕಿಲ್ಲ, ತುಂಬ ಒಣಗಿದ್ದರೆ ಪೆಟ್ರೋಲಿಯಂ ಜೆಲ್ಲಿಯೂ ಸಾಕು.
* ಹೊಸ ಕ್ರೀಮನ್ನು ಮೊದಲು ಮುಂಗೈ ಒಳಭಾಗಕ್ಕೆ ಕೆಲವು ದಿನ ಹಚ್ಚಿ ನೋಡಿ.
* ನಿಂಬೆರಸ, ಬೆಳ್ಳುಳ್ಳಿ, ಟೂತ್‌ಪೇಸ್ಟ್ ಖಂಡಿತ ಬೇಡ.
* ಉಗುರು ಕತ್ತರಿಸಿಕೊಳ್ಳಿ. ತುರಿಕೆ ಬಂದಾಗ ತಣ್ಣೀರು ಬಟ್ಟೆ ಇಡಿ.

ಡಾಕ್ಟರ್ ಹತ್ತಿರ ಯಾವಾಗ?
ಒಂದೆರಡು ವಾರದಲ್ಲಿ ಇಳಿಯದಿದ್ದರೆ, ಹಳದಿ ಹಕ್ಕಳೆ ಕಟ್ಟಿ ಕೀವು ಬಂದರೆ ತೋರಿಸಿ. ಜ್ವರದ ಜೊತೆ ಗುಳ್ಳೆ ಹರಡಿದರೆ, ಕಣ್ಣು ಊದಿದರೆ ಅವತ್ತೇ ಹೋಗಿ. ಉಂಗುರದಂತೆ ಹರಡುವ ಕಲೆ ಹುಳುಕಡ್ಡಿ ಇರಬಹುದು, ಸ್ಟೀರಾಯ್ಡ್ ಹಚ್ಚಿದರೆ ಅದು ಹೆಚ್ಚುತ್ತೆ. ಮದ್ದೂರು, ಮಳವಳ್ಳಿಯವರು ಮೊದಲು ತಾಲ್ಲೂಕು ಆಸ್ಪತ್ರೆಯಲ್ಲಿ ತೋರಿಸಬಹುದು. ಮಂಡ್ಯದ ಮಿಮ್ಸ್ ಆಸ್ಪತ್ರೆಯಲ್ಲಿ ಚರ್ಮರೋಗ ವಿಭಾಗವಿದೆ. ಇದುವರೆಗೆ ಹಚ್ಚಿದ ಟ್ಯೂಬ್‌ಗಳನ್ನೆಲ್ಲ ಜೊತೆಗೆ ಒಯ್ಯಿರಿ. ತಿಂಗಳುಗಟ್ಟಲೆ ಸ್ಟೀರಾಯ್ಡ್ ಹಚ್ಚಿದವರು ಏಕಾಏಕಿ ನಿಲ್ಲಿಸದೆ ಡಾಕ್ಟರನ್ನು ಕೇಳಿ. ಮುಖಕ್ಕೆ ಸ್ಟೀರಾಯ್ಡ್ ಇಲ್ಲದ ಮುಲಾಮುಗಳೂ ಇವೆ, ಅವರೇ ಬರೆದುಕೊಡ್ತಾರೆ.

ಅಂಗಡಿಯವರ ಗಮನಕ್ಕೆ
2018ರಲ್ಲಿ ಕೇಂದ್ರ ಸರ್ಕಾರ 14 ಬಗೆಯ ಸ್ಟೀರಾಯ್ಡ್‌ ಇರುವ ಮುಲಾಮುಗಳನ್ನು ‘ಶೆಡ್ಯೂಲ್ ಎಚ್’ ವ್ಯಾಪ್ತಿಗೆ ತಂದಿದೆ. ಚೀಟಿ ಇಲ್ಲದೆ ಮಾರುವಂತಿಲ್ಲ. ಗುರುತಿನ ಗಿರಾಕಿ ಅಂತ ಕೊಟ್ಟ ಒಂದು ಟ್ಯೂಬ್ ಅವರ ಮುಖವನ್ನೇ ಕೆಡಿಸಬಹುದು. ‘ಡಾಕ್ಟರ್ ಚೀಟಿ ತನ್ನಿ’ ಅನ್ನೋದೇ ಅವರಿಗೆ ಮಾಡುವ ಉಪಕಾರ.